ಭಾವಚಿತ್ರದ ಲೆನ್ಸು: ಮೂರು ಪಟ್ಟು ಬೆಲೆಗೆ ಸಿಗುವುದೇನು?

ಭಾವಚಿತ್ರಕ್ಕೆಂದು ಲೆನ್ಸು ಕೊಳ್ಳಲು ಹೊರಟವರ ಮುಂದೆ ಸಾಮಾನ್ಯವಾಗಿ ಒಂದೇ ಕಂಪನಿಯ, ಒಂದೇ 85 ಮಿ.ಮೀ. ಅಳತೆಯ ಎರಡು ಲೆನ್ಸುಗಳು ಬರುತ್ತವೆ. ಒಂದರ ಮೇಲೆ ಎಫ್/1.8 ಎಂದೂ ಇನ್ನೊಂದರ ಮೇಲೆ ಎಫ್/1.4 ಅಥವಾ ಎಫ್/1.2 ಎಂದೂ ಬರೆದಿರುತ್ತದೆ, ಮತ್ತು ದಶಮಾಂಶದ ಈ ಸಣ್ಣ ಅಂತರಕ್ಕೆ ಬೆಲೆ ಅನೇಕ ವೇಳೆ ಮೂರು ಪಟ್ಟಾಗಿರುತ್ತದೆ. ಈ ಹೆಚ್ಚುವರಿ ಹಣ ಹೆಚ್ಚಿನ ಬೆಳಕಿಗೆ ಮತ್ತು ಹೆಚ್ಚು ಮಸುಕಾದ ಹಿನ್ನೆಲೆಗೆ ಎಂಬ ನಂಬಿಕೆ ವ್ಯಾಪಕವಾಗಿದೆಯಾದರೂ, ಲೆಕ್ಕ ಹಾಕಿ ನೋಡಿದರೆ ಅದರ ದೊಡ್ಡ ಪಾಲು ಬೇರೆಡೆಗೆ ಹೋಗಿರುವುದು ಕಾಣುತ್ತದೆ.

85 ಮಿ.ಮೀ. ಎಂಬುದು ಸಂಗಮದೂರ, ಅಂದರೆ ಬಹುದೂರದಿಂದ ಬಂದ ಕಿರಣಗಳು ಲೆನ್ಸನ್ನು ಹಾದು ಎಷ್ಟು ಅಂತರದಲ್ಲಿ ಒಂದುಗೂಡುತ್ತವೆ ಎಂಬುದರ ಅಳತೆ. 36 ಮಿ.ಮೀ. ಅಗಲ ಮತ್ತು 24 ಮಿ.ಮೀ. ಎತ್ತರದ ಸೆನ್ಸರ್ ಇರುವ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಈ ಲೆನ್ಸಿನಿಂದ ತಲೆ ಮತ್ತು ಭುಜಗಳನ್ನು ಚೌಕಟ್ಟಿಗೆ ತರಬೇಕಾದರೆ ಸುಮಾರು ಒಂದೂವರೆಯಿಂದ ಎರಡು ಮೀಟರ್ ದೂರ ನಿಲ್ಲಬೇಕಾಗುತ್ತದೆ. ಆ ದೂರದಿಂದ ಮೂಗು ಉಬ್ಬಿದಂತೆಯೂ ಕಿವಿಗಳು ಹಿಂದೆ ಸರಿದಂತೆಯೂ ಕಾಣದೆ ಮುಖದ ಪ್ರಮಾಣ ಸಹಜವಾಗಿ ಮೂಡುತ್ತದೆ. ಈ ಸಹಜತೆಯನ್ನು ಕೊಡುವುದು ದೂರವೇ ಹೊರತು ಗಾಜಲ್ಲವಾದ್ದರಿಂದ, ಈ ವಿಷಯದಲ್ಲಿ ಅಗ್ಗದ ಲೆನ್ಸಿಗೂ ದುಬಾರಿ ಲೆನ್ಸಿಗೂ ಭೇದವಿಲ್ಲ. ಎಫ್ ಸಂಖ್ಯೆಯಾದರೋ ಸಂಗಮದೂರವನ್ನು ದ್ಯುತಿರಂಧ್ರದ, ಎಂದರೆ ಬೆಳಕು ಒಳಹೋಗುವ ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಸಿಗುವ ಅಂಕಿ. ಅದರಂತೆ ಎಫ್/1.8ರಲ್ಲಿ ಕಿಂಡಿಯ ವ್ಯಾಸ ಸುಮಾರು 47 ಮಿ.ಮೀ., ಎಫ್/1.4ರಲ್ಲಿ 61, ಎಫ್/1.2ರಲ್ಲಿ 71. ಬೆಳಕು ಕಿಂಡಿಯ ವಿಸ್ತೀರ್ಣವನ್ನು ಅನುಸರಿಸುವುದರಿಂದ ಎಫ್/1.4 ಲೆನ್ಸು ಎಫ್/1.8ಕ್ಕಿಂತ ಸುಮಾರು 1.65 ಪಟ್ಟು, ಎಫ್/1.2 ಲೆನ್ಸು 2.25 ಪಟ್ಟು ಬೆಳಕನ್ನು ಒಳಬಿಡುತ್ತದೆ.

ಬೆಳಕೇ ಸರ್ವಸ್ವವಾಗಿದ್ದ ಕಾಲವೊಂದಿತ್ತು. 1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಜ್‌ವಾಲ್ ರೂಪಿಸಿದ ಲೆನ್ಸು ಅದುವರೆಗಿನವುಗಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಹಾಯಿಸಿದ್ದರಿಂದ, ನಿಮಿಷಗಟ್ಟಲೆ ಅಲುಗಾಡದೆ ಕುಳಿತಿರಬೇಕಾಗಿದ್ದ ಮನುಷ್ಯರ ಚಿತ್ರ ತೆಗೆಯುವುದು ನಿಜವಾದ ಅರ್ಥದಲ್ಲಿ ಸಾಧ್ಯವಾಯಿತು. ಇಂದಿನ ಸೆನ್ಸರುಗಳು ಮಂದ ಬೆಳಕಿನಲ್ಲೂ ಶುಚಿಯಾದ ಚಿತ್ರ ಕೊಡುವಾಗ 1.65 ಪಟ್ಟು ಬೆಳಕು ಅಂಥ ನಿರ್ಣಾಯಕ ಲಾಭವಲ್ಲ. ಐಎಸ್‌ಒ, ಅಂದರೆ ಸೆನ್ಸರಿನ ಬೆಳಕಿನ ಸಂವೇದನೆಯ ಮಟ್ಟವನ್ನು 1,000ದಿಂದ 1,600ಕ್ಕೆ ಏರಿಸಿದರೆ ಆ ಕೊರತೆ ಬಹುಪಾಲು ತುಂಬಿಬಿಡುತ್ತದೆ.

ಹಿನ್ನೆಲೆಯ ಮಸುಕಿನ ಲೆಕ್ಕ ಇನ್ನಷ್ಟು ಕುತೂಹಲಕರ. ಹಿನ್ನೆಲೆಯ ಒಂದು ಬಿಂದು ಎಷ್ಟು ದೊಡ್ಡ ವೃತ್ತವಾಗಿ ಹರಡುತ್ತದೆ ಎಂಬುದನ್ನು ಮುಖವಿರುವ ತಲದಲ್ಲಿ ಅಳೆದರೆ, ಅದು ದ್ಯುತಿರಂಧ್ರದ ವ್ಯಾಸವನ್ನು, ಮುಖದಿಂದ ಹಿನ್ನೆಲೆಗಿರುವ ಅಂತರಕ್ಕೂ ಕ್ಯಾಮೆರಾದಿಂದ ಹಿನ್ನೆಲೆಗಿರುವ ಅಂತರಕ್ಕೂ ಇರುವ ಅನುಪಾತದಿಂದ ಗುಣಿಸಿದಷ್ಟಾಗುತ್ತದೆ. ವ್ಯಕ್ತಿ ಎರಡು ಮೀಟರ್ ದೂರದಲ್ಲಿದ್ದು ಅವನ ಹಿಂದೆ ಒಂದು ಮೀಟರಿಗೆ ಗೋಡೆಯಿದ್ದರೆ ಎಫ್/1.4 ಲೆನ್ಸು 20 ಮಿ.ಮೀ. ಅಗಲದ ಮಸುಕನ್ನು ಕೊಡುತ್ತದೆ, ಎಫ್/1.8 ಲೆನ್ಸು ಸುಮಾರು 16 ಮಿ.ಮೀ. ಕೊಡುತ್ತದೆ. ಆದರೆ ಛಾಯಾಗ್ರಾಹಕನೂ ವ್ಯಕ್ತಿಯೂ ಗೋಡೆಯಿಂದ ಇನ್ನೊಂದು ಮೀಟರ್ ಮುಂದೆ ಸರಿದರೆ ಅಗ್ಗದ ಲೆನ್ಸಿನ ಮಸುಕು 23 ಮಿ.ಮೀ. ದಾಟಿ ದುಬಾರಿ ಲೆನ್ಸಿನ ಮೊದಲಿನ ಅಂಕಿಯನ್ನು ಹಿಂದೆ ಹಾಕುತ್ತದೆ. ಹಣ ಕೊಟ್ಟು ಕೊಳ್ಳುವ ಮಸುಕಿಗಿಂತ ಹೆಚ್ಚಿನದನ್ನು ಎರಡು ಹೆಜ್ಜೆ ಕೊಡಬಲ್ಲವೆಂಬುದು ಹೊಸದಾಗಿ ಈ ಕಲೆಗೆ ಇಳಿದವರಿಗೆ ಮೊದಲ ಪಾಠವಾಗಬೇಕು. ಹಾಗೆ ಸರಿಯಲು ಜಾಗವಿಲ್ಲದ ಇಕ್ಕಟ್ಟಾದ ಮಂಟಪದಲ್ಲಿ, ವಧೂವರರ ಬೆನ್ನಿಗೇ ಅಲಂಕಾರದ ಪರದೆ ಅಂಟಿಕೊಂಡಿರುವಲ್ಲಿ ಮಾತ್ರ ದೊಡ್ಡ ಕಿಂಡಿಯ ಬೆಲೆ ನಿಜವಾಗಿ ತಿಳಿಯುತ್ತದೆ.

ಹಾಗಾದರೆ ಹಣ ಹೋಗುವುದೆಲ್ಲಿಗೆ? ಕಿಂಡಿ ದೊಡ್ಡದಾದಂತೆ ಗಾಜಿನ ದೋಷಗಳು ಅದಕ್ಕಿಂತ ವೇಗವಾಗಿ ಬೆಳೆಯುತ್ತವೆ, ಅವುಗಳನ್ನು ತಿದ್ದಲು ಹೆಚ್ಚು ಗಾಜು ಮತ್ತು ಹೆಚ್ಚು ನಿಖರವಾದ ಗಾಜು ಬೇಕು. ಲೆನ್ಸಿನ ಅಂಚಿನಲ್ಲಿ ಹಾದ ಕಿರಣಗಳು ನಡುವಿನವುಗಳೊಡನೆ ಒಂದೇ ಬಿಂದುವಿನಲ್ಲಿ ಸೇರದಿರುವುದಕ್ಕೆ ಗೋಳೀಯ ವಿಪಥನವೆಂದೂ, ಬೇರೆ ಬೇರೆ ಬಣ್ಣಗಳು ಬೇರೆ ಬೇರೆ ದೂರದಲ್ಲಿ ಸೇರುವುದಕ್ಕೆ ವರ್ಣವಿಪಥನವೆಂದೂ ಹೆಸರು. ಎರಡನೆಯದು ಭಾವಚಿತ್ರದಲ್ಲಿ ಬಹಳ ಕಾಡುತ್ತದೆ: ರೇಷ್ಮೆ ಸೀರೆಯ ಜರಿ, ಮೂಗುತಿಯ ಹೊಳಪು, ಕನ್ನಡಕದ ಅಂಚು ಇವುಗಳ ಸುತ್ತ, ಫೋಕಸ್ಸಿನ ಮುಂದಿನ ಭಾಗದಲ್ಲಿ ನೇರಳೆ ಮತ್ತು ಹಿಂದಿನ ಭಾಗದಲ್ಲಿ ಹಸಿರು ಅಂಚು ಮೂಡುವುದಕ್ಕೆ ಅದೇ ಕಾರಣ. ಮಸುಕಿನ ಗುಣವನ್ನು ಛಾಯಾಗ್ರಾಹಕರು ಬೊಕೆ ಎನ್ನುತ್ತಾರೆ. ಗೋಳೀಯ ವಿಪಥನವನ್ನು ತಿದ್ದಲು ಬಳಸುವ ಅಗೋಳೀಯ ಗಾಜೇ ಈ ಗುಣವನ್ನು ಕೆಡಿಸುವುದೂ ಉಂಟು: ಅದನ್ನು ಅಚ್ಚಿನಲ್ಲಿ ಒತ್ತುವಾಗ ಅದರ ಮೇಲ್ಮೈಯಲ್ಲಿ ಉಳಿಯುವ ಅತಿಸೂಕ್ಷ್ಮ ಗೆರೆಗಳು ಹಿನ್ನೆಲೆಯ ದೀಪಗಳೊಳಗೆ ಈರುಳ್ಳಿಯ ಪದರಗಳಂಥ ಉಂಗುರಗಳಾಗಿ ಕಾಣುತ್ತವೆ.

ಸೋನಿ ಕಂಪನಿಯ ಎರಡು ಲೆನ್ಸುಗಳನ್ನು ಎದುರುಬದುರು ಇಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ. 2016ರ 85 ಮಿ.ಮೀ. ಎಫ್/1.4 ಜಿ ಮಾಸ್ಟರ್ ಲೆನ್ಸಿನಲ್ಲಿ 11 ಗಾಜುಗಳೂ ಕಿಂಡಿಗೆ 11 ರೆಕ್ಕೆಗಳೂ ಇದ್ದು, ವರ್ಣವಿಪಥನ ತಗ್ಗಿಸುವ ವಿಶೇಷ ಗಾಜುಗಳು ಮೂರು. ಈರುಳ್ಳಿ ಉಂಗುರ ಮೂಡದಂತೆ ಮೇಲ್ಮೈಯನ್ನು ಮೈಕ್ರಾನಿನ ನೂರನೆಯ ಒಂದು ಭಾಗದ ನಿಖರತೆಯಲ್ಲಿ ತಯಾರಿಸಿದ ಒಂದು ಅಗೋಳೀಯ ಗಾಜೂ ಅದರಲ್ಲಿದೆ. ತೂಕ 820 ಗ್ರಾಂ. ಮರುವರ್ಷ ಬಂದ ಎಫ್/1.8 ಲೆನ್ಸಿನಲ್ಲಿ 9 ಗಾಜುಗಳು, ವಿಶೇಷ ಗಾಜು ಒಂದೇ, ತೂಕ 371 ಗ್ರಾಂ. ಹೀಗಿದ್ದೂ ಫೋಕಸ್ ಮಾಡುವ ಮೋಟಾರಿನ ವೇಗ ಮತ್ತು ಮೌನದಲ್ಲಿ ಅಗ್ಗದ ಲೆನ್ಸೇ ಮುಂದಿತ್ತು. ಈ ಕೊರತೆ 2024ರಲ್ಲಿ ಬಂದ ಜಿ ಮಾಸ್ಟರಿನ ಎರಡನೆಯ ಆವೃತ್ತಿಯಲ್ಲಿ ನೀಗಿತು. ಕ್ಯಾನನ್ನಿನ 2006ರ ಎಫ್/1.2 ಲೆನ್ಸೂ ಹಾಗೆಯೇ: ಒಂದು ಕಿಲೋಗ್ರಾಂ ಮೀರಿದ ಅದರ ಭಾರವಾದ ಗಾಜು ನಿಧಾನವಾಗಿ ಚಲಿಸುತ್ತಿದ್ದುದರಿಂದ ಓಡಾಡುವ ಮಕ್ಕಳ ಚಿತ್ರಕ್ಕೆ ಅದೇ ಕಂಪನಿಯ 425 ಗ್ರಾಮಿನ ಎಫ್/1.8 ಲೆನ್ಸು ಹೆಚ್ಚು ನಂಬಿಕೆಗೆ ಅರ್ಹವಾಗಿತ್ತು.

ದೊಡ್ಡ ಕಿಂಡಿಗೆ ಇನ್ನೊಂದು ತೊಡಕಿದೆ. ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಆಳಕ್ಕೆ ಡೆಪ್ತ್ ಆಫ್ ಫೀಲ್ಡ್ ಎನ್ನುತ್ತಾರೆ. ಎರಡು ಮೀಟರ್ ದೂರದಲ್ಲಿ ಅದು ಎಫ್/1.8ರಲ್ಲಿ ಸುಮಾರು 6 ಸೆಂ.ಮೀ. ಇದ್ದರೆ ಎಫ್/1.2ರಲ್ಲಿ 4 ಸೆಂ.ಮೀ.ಗೆ ಇಳಿಯುತ್ತದೆ, ಆಗ ಮುಖ ಸ್ವಲ್ಪ ಓರೆಯಾದರೂ ಒಂದು ಕಣ್ಣು ಮಸುಕಾಗುತ್ತದೆ. ಅನುಭವಿಗಳು ದುಬಾರಿ ಲೆನ್ಸನ್ನೂ ಎಫ್/2ರ ಆಸುಪಾಸಿಗೆ ಇಳಿಸಿ ಬಳಸುವುದು ಇದರಿಂದಲೇ. 1984ರಲ್ಲಿ ಸ್ಟೀವ್ ಮೆಕ್‌ಕರಿ ಪೆಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ತೆಗೆದ, ಮರುವರ್ಷ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟವಾದ ಅಫ್ಘನ್ ಬಾಲಕಿಯ ಚಿತ್ರಕ್ಕೆ ಬಳಕೆಯಾದದ್ದು ನಿಕ್ಕಾರ್ 105 ಮಿ.ಮೀ. ಎಫ್/2.5 ಲೆನ್ಸು. ಆ ಕಣ್ಣುಗಳನ್ನು ಜಗತ್ತಿಗೆ ತಲುಪಿಸಲು ಎಫ್/1.2 ಬೇಕಾಗಿರಲಿಲ್ಲ.

ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನವರಿಗೆ ಬೆಲೆಯಷ್ಟೇ ಮುಖ್ಯವಾದ ಶತ್ರುವೊಂದಿದೆ: ಮಳೆಗಾಲದ ತೇವದಲ್ಲಿ ಗಾಜಿನ ಮೇಲೆ ಬೆಳೆಯುವ ಶಿಲೀಂಧ್ರ. ಅದು ಅಗ್ಗದ ಲೆನ್ಸು, ದುಬಾರಿ ಲೆನ್ಸು ಎಂದು ನೋಡುವುದಿಲ್ಲ. ಆದ್ದರಿಂದ ಹಳೆಯ ಲೆನ್ಸು ಕೊಳ್ಳುವವರು ಅದನ್ನು ಟಾರ್ಚಿನ ಬೆಳಕಿಗೆ ಹಿಡಿದು ಒಳಗಾಜನ್ನು ಪರೀಕ್ಷಿಸುವುದು, ಕೊಂಡ ಮೇಲೆ ಸಿಲಿಕಾ ಜೆಲ್ ಇಟ್ಟ ಗಾಳಿಯಾಡದ ಡಬ್ಬಿಯಲ್ಲಿ ಕಾಪಾಡುವುದು ಅಗತ್ಯ.

ಮದುವೆ ಛಾಯಾಗ್ರಹಣವೇ ಜೀವನೋಪಾಯವಾಗಿರುವವರು, ಮುದ್ರಣಕ್ಕೆ ದೊಡ್ಡ ಚಿತ್ರ ಕೊಡಬೇಕಾದವರು ಎಫ್/1.4 ಲೆನ್ಸಿಗೆ ಹಣ ಹೂಡಬಹುದು. ಅವರು ಸಹ ಕೊಳ್ಳುವ ಮುನ್ನ ಒಂದು ಸಮಾರಂಭಕ್ಕೆ ಅದನ್ನು ಬಾಡಿಗೆಗೆ ತಂದು ನೋಡುವುದು ಒಳಿತು. ಉಳಿದವರಿಗೆ 85 ಮಿ.ಮೀ. ಎಫ್/1.8 ಸಾಕು, ಚಿಕ್ಕ ಸೆನ್ಸರಿನ ಕ್ಯಾಮೆರಾ ಇರುವ ವಿದ್ಯಾರ್ಥಿಗಳಿಗಂತೂ 50 ಮಿ.ಮೀ. ಎಫ್/1.8 ಧಾರಾಳವಾಗಿ ಸಾಕು, ಮತ್ತು ಹೀಗೆ ಉಳಿದ ಹಣವನ್ನು ಒಂದು ಒಳ್ಳೆಯ ಫ್ಲ್ಯಾಶಿಗೂ ಬೆಳಕನ್ನು ಮೃದುಗೊಳಿಸುವ ಕೊಡೆಗೂ ಖರ್ಚು ಮಾಡಿದರೆ ಚಿತ್ರ ಹೆಚ್ಚು ಸುಧಾರಿಸುತ್ತದೆ.