ನಾಲವಾರದಾಗ ಸುಂಟರಗಾಳಿ ಬರ್ತದಾ? ತಗಡು ಹಾರಿಸೋ ಗಾಳಿ ಯಾವುದು, ಎಚ್ಚರಿಕೆ ಎಲ್ಲಿಂದ ಬರ್ತದ

ನಾಲವಾರ: ಏಪ್ರಿಲ್, ಮೇ ತಿಂಗಳ ಸಂಜೆ ಜೋರು ಗಾಳಿ ಬೀಸಿ ಅಂಗಡಿ ಮುಂದಿನ ತಗಡು ಹಾರಿತು ಅಂದ್ರೆ ಮರುದಿನ ಹೋಟೆಲ್‌ನಾಗ ಒಂದೇ ಮಾತು: ‘ಸುಂಟರಗಾಳಿ ಬಂದಿತ್ತು’. ಆದರೆ ಚಿತ್ತಾಪುರ, ವಾಡಿ, ಸೇಡಂ ಭಾಗದಲ್ಲಿ ಇಂಥ ಹಾನಿ ಮಾಡುವುದು ಸಾಮಾನ್ಯವಾಗಿ ಸುಂಟರಗಾಳಿ ಅಲ್ಲ. ಹೆಸರು ಯಾವುದಾದ್ರೇನು, ತಗಡು ಹೋಯ್ತಲ್ಲ ಅನ್ನಬಹುದು. ಎಚ್ಚರಿಕೆ ಎಷ್ಟು ಹೊತ್ತು ಮೊದಲು ಸಿಗ್ತದೆ ಅನ್ನೋದು ಗಾಳಿ ಯಾವುದು ಅನ್ನೋದರ ಮೇಲೇ ನಿಂತಿದೆ.

ಬೇಸಿಗೆ ಮಧ್ಯಾಹ್ನ ಖಾಲಿ ಹೊಲದಲ್ಲಿ ಧೂಳು, ಕಸ ಎತ್ತಿಕೊಂಡು ತಿರುಗೋದು ಸುಳಿಗಾಳಿ. ಕಾದ ನೆಲದಿಂದ ಏಳ್ತದೆ, ಮೋಡ ಬೇಕಿಲ್ಲ, ಸ್ವಲ್ಪ ಹೊತ್ತಿಗೆ ಅಡಗ್ತದೆ. ನಿಜವಾದ ಸುಂಟರಗಾಳಿ ಗುಡುಗಿನ ಮೋಡದಿಂದ ನೆಲಕ್ಕೆ ಇಳಿಯೋದು. ನೆಲದ ಹತ್ತಿರ ಒಂದು ದಿಕ್ಕಿನ ಗಾಳಿ, ಮೇಲೆ ಇನ್ನೊಂದು ದಿಕ್ಕಿನ ಬಲವಾದ ಗಾಳಿ ಇದ್ದಾಗ ನಡುವಿನ ಗಾಳಿ ಲಟ್ಟಣಿಗೆಯಂತೆ ಉರುಳ್ತದೆ. ಮೇಲೇರುವ ಬಿಸಿಗಾಳಿ ಅದನ್ನು ಎತ್ತಿ ನಿಲ್ಲಿಸಿದರೆ ಮೋಡವೇ ತಿರುಗಲು ಶುರು. ಆ ಸುತ್ತು ಸಣ್ಣದಾದಷ್ಟೂ ವೇಗ ಹೆಚ್ಚು. ಉತ್ತರ ಭಾರತ, ಬಂಗಾಳದ ಕಡೆ ಹೀಗಾಗಿದೆ: 1978ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಜನ ಸತ್ತರು, 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ. ಕಲಬುರಗಿ ಕಡೆ ಮೇ ತಿಂಗಳಲ್ಲಿ ಮೇಲಿನ ಗಾಳಿಗೆ ಸಾಮಾನ್ಯವಾಗಿ ಅಷ್ಟು ಬಲ ಇರಲ್ಲ.

ಇಲ್ಲಿ ಬೇರೆ ಆಟ. ಮೋಡದಿಂದ ಬೀಳುವ ಮಳೆ ಕೆಳಗಿನ ಒಣ ಹವೆಯಲ್ಲಿ ಅರ್ಧ ದಾರಿಗೇ ಆವಿಯಾಗ್ತದೆ. ಆ ಹವೆ ತಣ್ಣಗಾಗಿ ಭಾರವಾಗಿ ಧೊಪ್ಪನೆ ನೆಲಕ್ಕೆ ಬೀಳ್ತದೆ. ಬಂಡೆ ಮೇಲೆ ಕೊಡದ ನೀರು ಸುರಿದ ಹಾಗೆ ಸುತ್ತಲೂ ಹರಡ್ತದೆ. ತಗಡು ಎಬ್ಬಿಸೋದು ಇದೇ. ಗುರುತಿಸೋದು ಸುಲಭ: ಬಿದ್ದ ಗಿಡ, ಕಂಬ ಎಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮಲಗಿದ್ರೆ ಈ ಗಾಳಿ. ಸಣ್ಣ ಪಟ್ಟಿಯಲ್ಲಿ ಅಡ್ಡಾದಿಡ್ಡಿ ತಿರುಚಿ ಬಿದ್ದಿದ್ರೆ ಸುಂಟರಗಾಳಿ ಅಂತ ಅನುಮಾನಿಸಬಹುದು.

ಎಚ್ಚರಿಕೆಯ ಚರಿತ್ರೆ ಶುರುವಾಗಿದ್ದು ಅಮೆರಿಕದ ಒಕ್ಲಹೋಮಾದಲ್ಲಿ. 1948ರ ಮಾರ್ಚ್ 20ರಂದು ಟಿಂಕರ್ ವಾಯುನೆಲೆಗೆ ಸುಂಟರಗಾಳಿ ಅಪ್ಪಳಿಸಿತು. ಐದು ದಿನ ಬಿಟ್ಟು ಅದೇ ಲಕ್ಷಣ ಕಂಡ ಫಾಬುಷ್, ಮಿಲ್ಲರ್ ಎಂಬ ಇಬ್ಬರು ಸೇನಾ ಹವಾಮಾನ ಅಧಿಕಾರಿಗಳು ಮುನ್ಸೂಚನೆ ಕೊಟ್ಟರು. ಅಂದೇ ಸಂಜೆ ಮತ್ತೆ ಬಂತು. ಇಷ್ಟೆಲ್ಲ ಯಂತ್ರ ಬಂದ ಮೇಲೂ ಅಲ್ಲಿ ಸಿಗೋದು ಸರಾಸರಿ ಹತ್ತು ನಿಮಿಷದ ಆಸುಪಾಸು.

ನಾಲವಾರಕ್ಕೆ ಹೈದರಾಬಾದಿನ ಡಾಪ್ಲರ್ ರಾಡಾರ್ ಸುಮಾರು 150 ಕಿ.ಮೀ. ದೂರ. ಭೂಮಿ ದುಂಡಗಿರೋದರಿಂದ ಅದರ ಕಿರಣ ಇಲ್ಲಿಗೆ ಮುಟ್ಟುವಷ್ಟರಲ್ಲಿ ಎರಡು ಕಿ.ಮೀ.ಗಿಂತ ಮೇಲಿರ್ತದೆ. ಮೋಡ ಕಾಣ್ತದೆ, ಬಜಾರಿನ ಗಾಳಿ ಕಾಣಲ್ಲ. ಹವಾಮಾನ ಇಲಾಖೆ ಮೂರು ಗಂಟೆಯ ಮುನ್ಸೂಚನೆ ಕೊಡ್ತದೆ. ‘ಕಲಬುರಗಿ ಜಿಲ್ಲೆಯ ಕೆಲವು ಕಡೆ’ ಅಂತ. ಆ ‘ಕೆಲವು ಕಡೆ’ ನಿಮ್ಮ ಓಣಿಯೋ ಅಲ್ಲವೋ ಅಂತ ಕಡೆಯ ಅರ್ಧ ತಾಸು ನೀವೇ ನೋಡಬೇಕು.

ಫೋನ್‌ನಲ್ಲಿ ‘ದಾಮಿನಿ’ ಆ್ಯಪ್ ಇದ್ದರೆ 20ರಿಂದ 40 ಕಿ.ಮೀ. ಒಳಗಿನ ಸಿಡಿಲಿನ ಸುಳಿವು ಸಿಗ್ತದೆ. ರಾಜ್ಯದ ‘ಸಿಡಿಲು’ ಆ್ಯಪ್ ಕೂಡ ಇದೆ. ಸಾದಾ ಫೋನ್ ಇದ್ದವರು ವರುಣಮಿತ್ರ ಸಹಾಯವಾಣಿ 92433 45433ಕ್ಕೆ ಕರೆ ಮಾಡಬಹುದು. ಸೆಖೆಯ ನಡುವೆ ಒಮ್ಮೆಲೇ ತಣ್ಣನೆ ಗಾಳಿ, ಹಸಿಮಣ್ಣಿನ ವಾಸನೆ ಬಂತು ಅಂದ್ರೆ ಉಳಿದಿರೋದು ಕೆಲವೇ ನಿಮಿಷ. ಆಗ ಬೋರ್ಡು, ತಾಡಪತ್ರಿ ಇಳಿಸಿ ಒಳಗೆ ಹೋಗಬೇಕು, ಏಣಿ ಹತ್ತಬಾರದು.

ಇಲ್ಲಿ ಒಂದು ರೂಢಿ ಇದೆ, ತಗಡಿನ ಮೇಲೆ ಪರ್ಸಿ ಕಲ್ಲು ಹೇರೋದು. ಕಲ್ಲು ಪುಕ್ಕಟೆ ಸಿಗ್ತದೆ, ಖರೆ. ಗಾಳಿ ತಗಡೆತ್ತಿದರೆ ಅದೇ ಕಲ್ಲು ಒಳಗೆ ಮಲಗಿದವರ ಮೈಮೇಲೆ. ಜೆ-ಹುಕ್ ಬೋಲ್ಟು ಹಾಕಿ ತೊಲೆಗೆ ಬಿಗಿಯೋದು ಒಂದೇ ದಾರಿ. ಹೊಲದಲ್ಲಿದ್ದವರು ಬೇವಿನ ಗಿಡದ ಕೆಳಗೆ ನಿಲ್ಲಬಾರದು. ಗುಡುಗು ಕೇಳಿಸ್ತು ಅಂದ್ರೆ ಸಿಡಿಲಿನ ಅಳತೆಯೊಳಗೇ ಇದ್ದೀರಿ. ಕಡೆಯ ಗುಡುಗಿನ ನಂತರ 30 ನಿಮಿಷ ಪಕ್ಕಾ ಮನೆಯಲ್ಲೇ ಇರಬೇಕು.

ಹಾನಿಯಾದರೆ ತಗಡು ಎತ್ತಿಡುವ ಮೊದಲು ಫೋಟೋ ತೆಗೆದು ಗ್ರಾಮ ಆಡಳಿತಾಧಿಕಾರಿಗೆ ತಿಳಿಸಬೇಕು. ಜಿಲ್ಲಾ ವಿಪತ್ತು ಸಹಾಯವಾಣಿ 1077.