ಕಾಲಗಣನೆಗೆ ಬೈಬಲಿನ ಚೌಕಟ್ಟು: ಮಧ್ಯಯುಗದ ಕ್ರೈಸ್ತ ಇತಿಹಾಸ ಲೇಖನ

ಕಾಲವನ್ನು ಹೇಗೆ ವಿಭಜಿಸಬೇಕು, ಘಟನೆಗಳ ಕಾರಣವನ್ನು ಎಲ್ಲಿ ಅರಸಬೇಕು, ಅರಸರ ಗುಣದೋಷಗಳನ್ನು ಹೇಗೆ ನಿರ್ಣಯಿಸಬೇಕು ಎಂಬುದನ್ನೆಲ್ಲ ಮಧ್ಯಯುಗದ ಯುರೋಪಿನ ಕ್ರೈಸ್ತ ಇತಿಹಾಸಕಾರರು ಬೈಬಲಿನಿಂದಲೇ ಕಲಿತರು. ಸೃಷ್ಟಿಯಿಂದ ಅಂತಿಮ ತೀರ್ಪಿನವರೆಗೆ ಇತಿಹಾಸವೆಲ್ಲ ದೇವರ ಒಂದೇ ಸಂಕಲ್ಪವೆಂದು ನಂಬಿದ್ದ ಅವರಿಗೆ ಯಾವ ನಾಡಿನ ಚರಿತ್ರೆಯೂ ಬಿಡಿಯಾದುದಾಗಿರಲಿಲ್ಲ. 6ನೆಯ ಶತಮಾನದಲ್ಲಿ ಫ್ರಾಂಕ್ ಅರಸರ ಚರಿತ್ರೆ ಬರೆದ ಟೂರ್ ನಗರದ ಬಿಷಪ್ ಗ್ರೆಗರಿ ಅದನ್ನು ಆದಾಮನಿಂದ ಆರಂಭಿಸಿದ್ದು ಇದೇ ಕಾರಣಕ್ಕೆ.

ಸೃಷ್ಟಿಯ ಆರು ದಿನಗಳಿಗೆ ಸರಿಹೊಂದುವಂತೆ ಸಂತ ಅಗಸ್ಟೀನನು ಲೋಕದ ಇತಿಹಾಸವನ್ನು ಆರು ಯುಗಗಳಾಗಿ ವಿಂಗಡಿಸಿದ್ದನು. ಆದಾಮ, ನೋಹ, ಅಬ್ರಹಾಮ, ದಾವೀದ, ಬಾಬೆಲಿನ ಸೆರೆವಾಸ ಇವುಗಳಿಂದ ಮೊದಲ ಐದು ಯುಗಗಳು ಆರಂಭವಾಗುತ್ತವೆ. ಕ್ರಿಸ್ತನ ಆಗಮನದಿಂದ ಲೋಕಾಂತ್ಯದವರೆಗಿನದು ಆರನೆಯದು.

ಈ ಚೌಕಟ್ಟಿನೊಳಗೆ ಎಷ್ಟು ಸೂಕ್ಷ್ಮವಾದ ವಿಮರ್ಶೆ ಸಾಧ್ಯವಿತ್ತೆಂಬುದನ್ನು ಉತ್ತರ ಇಂಗ್ಲೆಂಡಿನ ಜ್ಯಾರೋ ಮಠದ ಸನ್ಯಾಸಿ ಬೀಡ್ ತೋರಿಸಿಕೊಟ್ಟನು. ಬೈಬಲಿನ ಗ್ರೀಕ್ ಅನುವಾದವನ್ನು ಆಧರಿಸಿದ ಹಳೆಯ ಗಣನೆಯಂತೆ ಸೃಷ್ಟಿಗೂ ಕ್ರಿಸ್ತನ ಜನನಕ್ಕೂ ನಡುವೆ 5,000ಕ್ಕೂ ಹೆಚ್ಚು ವರ್ಷಗಳಿದ್ದವು. ಹೀಬ್ರೂ ಮೂಲವನ್ನು ಅನುಸರಿಸಿದ ಲ್ಯಾಟಿನ್ ಪಾಠದ ವಂಶಾವಳಿಗಳನ್ನು ಕೂಡಿಸಿ ಬೀಡ್ 3,952 ವರ್ಷಗಳೆಂದನು. ಒಂದೊಂದು ಯುಗಕ್ಕೂ ಸಾವಿರ ವರ್ಷವೆಂದು ನಂಬಿದ್ದವರಿಗೆ ಇದರಿಂದ ಕ್ರಿಸ್ತನು ಆರನೆಯ ಯುಗದಲ್ಲಿ ಬರಲೇ ಇಲ್ಲವೆಂದಂತಾಯಿತು. 708ರಲ್ಲಿ ತನ್ನ ಮೇಲೆ ಬಂದ ಧರ್ಮದ್ರೋಹದ ಆರೋಪಕ್ಕೆ ಅವನು ಪತ್ರದ ಮೂಲಕ ಉತ್ತರಿಸಿ, ಯುಗಗಳ ಅವಧಿ ಸಮಾನವಲ್ಲವೆಂದೂ ಲೋಕಾಂತ್ಯದ ದಿನವನ್ನು ಮನುಷ್ಯರು ಲೆಕ್ಕಹಾಕಲಾರರೆಂದೂ ವಾದಿಸಿದನು.

731ರಲ್ಲಿ ಅವನು ಮುಗಿಸಿದ ಇಂಗ್ಲಿಷ್ ಜನರ ಧರ್ಮಸಭೆಯ ಇತಿಹಾಸದಲ್ಲಿ ಬೈಬಲಿನ ವ್ಯಕ್ತಿಗಳು ವರ್ತಮಾನವನ್ನು ಅರ್ಥೈಸುವ ಮಾದರಿಗಳಾಗುತ್ತಾರೆ. ಬ್ರಿಟನ್ನರನ್ನು ಸದೆಬಡಿದ ನಾರ್ಥಂಬ್ರಿಯದ ಅರಸ ಎಥೆಲ್‌ಫ್ರಿತ್‌ನನ್ನು ಅವನು ಇಸ್ರಾಯೇಲಿನ ಮೊದಲ ಅರಸ ಸೌಲನಿಗೆ ಹೋಲಿಸಿ, ಈತನಿಗೆ ನಿಜಧರ್ಮದ ಅರಿವಿರಲಿಲ್ಲವೆಂಬ ವ್ಯತ್ಯಾಸವನ್ನೂ ಸೇರಿಸುತ್ತಾನೆ. ಸೌಲನು ಬೆನ್ನಟ್ಟಿದ ದಾವೀದನೇ ಮುಂದೆ ಅರಸನಾದನೆಂಬುದನ್ನು ಬಲ್ಲ ಓದುಗರಿಗೆ, ಎಥೆಲ್‌ಫ್ರಿತ್‌ನಿಂದ ತಲೆಮರೆಸಿಕೊಂಡು ಅಲೆದ ಎಡ್ವಿನ್ ಪಟ್ಟಕ್ಕೆ ಬಂದು 627ರಲ್ಲಿ ದೀಕ್ಷಾಸ್ನಾನ ಪಡೆದ ಸಂಗತಿ ಹೊಸ ಅರ್ಥದಿಂದ ಕಾಣುತ್ತದೆ.

ಇಂಥ ಹೋಲಿಕೆಗಳಿಂದ ಇತಿಹಾಸ ಬರಿಯ ಉಪದೇಶವಾಗಲಿಲ್ಲ. ಮಾಹಿತಿ ಒದಗಿಸಿದವರ ಹೆಸರುಗಳನ್ನು ಬೀಡ್ ಮುನ್ನುಡಿಯಲ್ಲಿ ದಾಖಲಿಸಿದನು, ರೋಮಿನ ಪೋಪರ ದಫ್ತರಗಳಿಂದ ತಂದ ಪತ್ರಗಳ ನಕಲುಗಳನ್ನು ಬಳಸಿದನು, ಕ್ರಿಸ್ತನ ಜನನದಿಂದ ವರ್ಷಗಳನ್ನೆಣಿಸುವ ಪದ್ಧತಿಯ ಪ್ರಸಾರಕ್ಕೆ ದೊಡ್ಡ ಕಾರಣನಾದನು. ಘಟನೆಗಳಲ್ಲಿ ದೇವರ ಇಚ್ಛೆ ವ್ಯಕ್ತವಾಗುತ್ತದೆ ಎಂದು ನಂಬಿದವನಿಗೆ ಆ ಘಟನೆಗಳನ್ನು ಸರಿಯಾಗಿ ದಾಖಲಿಸುವುದೂ ಭಕ್ತಿಯ ಕರ್ತವ್ಯವಾಗಿತ್ತು. ಆದುದರಿಂದ ಈ ಕೃತಿಗಳಲ್ಲಿನ ಬೈಬಲಿನ ಅಂಶವನ್ನು ಬದಿಗಿರಿಸಿ ಸಂಗತಿಗಳನ್ನಷ್ಟೇ ಹೆಕ್ಕಿಕೊಳ್ಳುವ ಓದು, ಆ ಸಂಗತಿಗಳನ್ನು ಏಕೆ ಆಯ್ದು ಹೀಗೆ ಜೋಡಿಸಲಾಯಿತು ಎಂಬ ಮುಖ್ಯ ಪ್ರಶ್ನೆಯನ್ನೇ ಕಳೆದುಕೊಳ್ಳುತ್ತದೆ.