ಹಗುರ ಹಿಮ, ಭಾರಿ ಹಿಮ

ನಮ್ಮ ಹಾಸನ, ಅರಕಲಗೂಡು ಕಡೆ ಬೇಸಿಗೆ ಮಳೆಯಲ್ಲಿ ಆಲಿಕಲ್ಲು ಬೀಳುತ್ತದೆ. ನೋಡ್ತಾ ನೋಡ್ತಾ ಕರಗಿಹೋಗುತ್ತೆ. ಹಿಮಾಲಯದಲ್ಲಿ ಬೀಳುವುದು ಹಿಮ. ಅದು ಅರಳೆಯ ಹಾಗೆ ಹಗುರ. ಆದರೆ ಚಳಿಗಾಲವೆಲ್ಲ ಕರಗದೆ ಒಂದರ ಮೇಲೊಂದು ಕೂರುತ್ತದೆ. ಕೆಳಗಿನದು ಒತ್ತಿ ಗಟ್ಟಿಯಾಗುತ್ತದೆ. ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಇದ್ದರೆ ಆ ಗಟ್ಟಿ ಹಿಮ ಸುಮಾರು 3 ಕ್ವಿಂಟಾಲ್ ತೂಗುತ್ತದೆ!

ಯುಗಾದಿ ಹೊತ್ತಿಗೆ ನಮ್ಮಲ್ಲಿ ಬಿಸಿಲು. ಅಲ್ಲಿ ಆಗಲೂ ಜೋರಾಗಿ ಹಿಮ ಸುರಿಯುವುದುಂಟು. ಹೊಸ ಹಿಮ ಹಳೆಯದಕ್ಕೆ ಬೇಗ ಅಂಟುವುದಿಲ್ಲ. ಬಿಸಿಲು ಬಿದ್ದರೆ ಸಡಿಲವಾಗುತ್ತೆ. ಇಳಿಜಾರಿನಲ್ಲಿ ಒಮ್ಮೆಗೇ ಜಾರುತ್ತದೆ. ಇದೇ ಹಿಮಕುಸಿತ. ಜಾರಿ ನಿಂತ ಹಿಮ ದಮ್ಮಸು ಮಾಡಿದ ಮಣ್ಣಿನಂತೆ ಬಿಗಿಯುತ್ತದೆ. ಒಳಗೆ ಸಿಕ್ಕವರಿಗೆ ಉಸಿರಾಡಲು ಗಾಳಿ ಸಿಗೋದಿಲ್ಲ.

ಚಳಿಗಾಲದಲ್ಲೂ ಹಿಮ ಕುಸಿಯುತ್ತದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ, 10 ಯೋಧರು ಹಿಮದಡಿ ಹೂತುಹೋದರು. ಅವರಲ್ಲಿ ನಮ್ಮ ಹಾಸನದ ತೇಜೂರಿನ ಸುಬೇದಾರ್ ನಾಗೇಶ್ ಒಬ್ಬರು. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ 6 ದಿನದ ಮೇಲೆ ಜೀವಂತ ಸಿಕ್ಕರು. ದೇಶವೇ ಅವರಿಗಾಗಿ ಬೇಡಿಕೊಂಡಿತು. ಫೆಬ್ರವರಿ 11ರಂದು ಅವರೂ ತೀರಿಕೊಂಡರು. ಹತ್ತು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಹೊಳೆನರಸೀಪುರ, ಚನ್ನರಾಯಪಟ್ಟಣದಿಂದಲೂ ಜನ ಕೇದಾರನಾಥಕ್ಕೆ ಹೋಗುತ್ತಾರೆ. 2023ರ ಮೇ ತಿಂಗಳಲ್ಲೂ ಹಿಮ ಸುರಿದು ಅಲ್ಲಿ ಯಾತ್ರೆ ತಡೆದಿದ್ದರು. ನೀವು ಹೋದಾಗ ದಾರಿಯಲ್ಲಿ ಹಾಕಿದ ಫಲಕ ಓದಿ. ಅದು ಬೇರೆ ಭಾಷೆಯಲ್ಲಿದ್ದರೆ ಕೇಳಿ ತಿಳಿಯಿರಿ. ಪೊಲೀಸರು ನಿಲ್ಲಿ ಅಂದರೆ ನಿಲ್ಲಿ. ದೇವರು ಎಲ್ಲಿಗೂ ಹೋಗೋದಿಲ್ಲ. ನಾಳೆಯೂ ಅಲ್ಲೇ ಇರ್ತಾನೆ.